ಎರಡನೇ ಗೇರು

"ಕೈ ತಗೀಬ್ಯಾಡಪಾ, ಅಲ್ಲೇ ಇರ್ಲಿ. ಗೇರಿನ ಮ್ಯಾಲೆ ನಿನ್ನ ಕೈ, ನಿನ್ನ ಕೈ ಮ್ಯಾಲೆ ನನ್ನ ಕೈ. ಈಗ ಹೊಂಡಸು ಗಾಡಿ. ನಾ ಇಲ್ಲೇ ಇಲ್ಲ ಅಂತ ತಿಳ್ಕೊ," ಅಂದ ಶಫೀಸಾಬ.

ಇಲ್ಲ ಅಂತ ಹೆಂಗೆ ತಿಳ್ಕೊಳ್ಳೋದು? ತೊಂಬತ್ತು ಕಿಲೋದ ಆಳು. ಅರ್ಧ ಮೈ ಎಡಗಡೆ ಸೀಟಿನ ಮೇಲೆ, ಅರ್ಧ ಇಂಜಿನ್ ಮುಚ್ಚಳದ ಮೇಲೆ ಹಾಕಿ ಕೂತು, ಗ್ರೀಸು ಮೆತ್ತಿದ ಅಂಗೈಯನ್ನು ಡ್ರೈವರ್ ಈಶಪ್ಪನ ಎಡಗೈ ಮೇಲೆ ಊರಿದ್ದ. ಕೊಪ್ಪಳದ ಗದಗ ರಸ್ತೆಯಲ್ಲಿ ಅವನ ಗ್ಯಾರೇಜು. ರಿಪೇರಿಗೆ ಬಂದ ಗಾಡಿಯನ್ನು ತಾನು ಓಡಿಸಿ ನೋಡುವ ಪೈಕಿ ಅಲ್ಲ ಅವನು. ಮೂವತ್ತು ವರ್ಷದಿಂದ ಇದೇ ಪದ್ಧತಿ: ಡ್ರೈವರನ ಕೈ ಮೇಲೆ ಕೈಯಿಟ್ಟು ಎರಡು ಮೈಲು ಹೋಗಿ ಬಂದರೆ ಗೇರ್‌ಬಾಕ್ಸಿನ ಹೊಟ್ಟೆಯೊಳಗೆ ಏನಾಗಿದೆ ಅಂತ ಅವನಿಗೆ ತಿಳಿದುಬಿಡುತ್ತದೆ. "ಡ್ರೈವರು ಬಾಯಿಲೆ ಏನರ ಹೇಳ್ಲಿ, ನನಗ ಬೇಕಾಗಿಲ್ಲ. ಎಲ್ಲಿ ನೋಯ್ತೈತಿ ಅನ್ನೂದು ಅವನ ಕೈಗೆ ಗೊತ್ತಿರ್ತೈತಿ," ಅನ್ನುತ್ತಿದ್ದ, ಕೇಳಿದವರಿಗೂ ಕೇಳದವರಿಗೂ.

ಈಶಪ್ಪ ಗಾಡಿ ಹೊಂಡಿಸಿದ. ಒಂದನೇ ಗೇರಿನಲ್ಲಿ ಇಂಜಿನ್ ಚೀರುವ ತನಕ ಎಳೆದ. ಕ್ಲಚ್ಚು ಒಮ್ಮೆ ತುಳಿದ, ಬಿಟ್ಟ, ಮತ್ತೆ ತುಳಿದ. ಒಂದು ಉಸಿರು ತಡೆದು, ಗೇರಿನ ಕೋಲನ್ನು ತನ್ನ ತೊಡೆ ಕಡೆಗೆ ಜಗ್ಗಿ ಮುಂದಕ್ಕೆ ದೂಡಿದ. ವ್ಯಾನು ನೀರಿನಿಂದ ಎದ್ದ ನಾಯಿಯಂತೆ ಒಮ್ಮೆ ಮೈ ಕೊಡವಿ ಓಡತೊಡಗಿತು. ಎಡ ಮೊಣಕಾಲನ್ನು ಕೋಲಿಗೆ ಆನಿಸಿ ಹಿಡಿದ.

"ನಿಲ್ಲು ನಿಲ್ಲು. ನಡುವ ಎರಡನೇದು ಎಲ್ಲಿ ಹೋತು?"

"ಎರಡನೇದು ಇಲ್ರಿ."

"ಇಲ್ಲ ಅಂದ್ರ? ಐದು ಗೇರಿನ ಗಾಡಿ ಅಲ್ಲೇನಿದು?"

"ಐತಿ. ಆದ್ರ ಅದನ್ನ ಹಾಕಂಗಿಲ್ಲ. ಹಾಕಿದ್ರ ಗರ್ ಅಂತೈತಿ, ಆಮ್ಯಾಲೆ ತಾನಾ ಹೊರಗ ಉಗಳತೈತಿ."

"ಎಷ್ಟು ದಿನಾ ಆತು?"

ಈಶಪ್ಪ ಕನ್ನಡಿ ನೋಡಿಕೊಂಡ. ಹಿಂದೆ ಯಾವ ಗಾಡಿಯೂ ಇರಲಿಲ್ಲ. "ಆರು... ಅಲ್ಲ, ಇದು ಏಳನೇ ವರ್ಷ."

ಶಫೀಸಾಬ ನಗಲಿಕ್ಕೆ ಶುರುಮಾಡಿದ. ಅವನು ನಕ್ಕರೆ ಸೀಟಿನ ಸ್ಪ್ರಿಂಗುಗಳೂ ನಗುತ್ತವೆ. "ಯಾ ಅಲ್ಲಾ! ಏಳು ವರ್ಷ ಒಂದು ಮೆಟ್ಟಿಲಿಲ್ಲದ ಏಣಿ ಹತ್ತಾಕತ್ತೀಯಲ್ಲೋ ಮಾರಾಯ! ಮತ್ತ ಮೊಣಕಾಲು ಯಾಕ ಒತ್ತಿ ಹಿಡದೀ?"

"ಮೂರನೇದು ಜಿಗೀತೈತ್ರಿ. ಒತ್ತಿ ಹಿಡದ್ರ ಸುಮ್ನಿರ್ತೈತಿ."

"ಹಂಗಾರ ಗೇರ್‌ಬಾಕ್ಸು ಗಾಡ್ಯಾಗ ಇಲ್ಲ ಈಶಪ್ಪಣ್ಣ. ನಿನ್ನ ಮೈಯಾಗ ಐತಿ."

ಬೈದದ್ದೋ ಹೊಗಳಿದ್ದೋ, ಈಶಪ್ಪನಿಗೆ ಹೊಗಳಿದಂತೆಯೇ ಕೇಳಿಸಿತು. ಮೀಸೆಯಲ್ಲೇ ಸಣ್ಣಗೆ ನಕ್ಕು ಗಾಡಿ ಹೊರಳಿಸಿದ.

ಗಾಡಿ ಅವನದಲ್ಲ. ತಳಕಲ್ಲಿನ ವಿರೂಪಾಕ್ಷಮ್ಮನದು. ವಿರೂಪಾಕ್ಷಮ್ಮನ ಹಿತ್ತಲಲ್ಲಿ ಹನ್ನೆರಡು ಜನ ಹೆಣ್ಣುಮಕ್ಕಳು ನಸುಕಿನಿಂದ ಜೋಳದ ರೊಟ್ಟಿ ಬಡಿಯುತ್ತಾರೆ. ಬಡಿದ ರೊಟ್ಟಿ ಕಟಕಟಿಯಾಗುವ ತನಕ ಒಣಗಿಸಿ, ಪೆಟ್ಟಿಗೆಯಲ್ಲಿ ನಿಲ್ಲಿಸಿ, ವ್ಯಾನಿಗೆ ಹೇರಿದರೆ ಕೊಪ್ಪಳ, ಗಂಗಾವತಿ, ಯಲಬುರ್ಗಾ, ಕುಷ್ಟಗಿಯ ಅಂಗಡಿಗಳಿಗೂ ಖಾನಾವಳಿಗಳಿಗೂ ಹೋಗಬೇಕು. ಹದಿನಾಲ್ಕು ವರ್ಷದಿಂದ ಒಯ್ಯುವವನು ಈಶಪ್ಪ. ವ್ಯಾನು ಅವನಿಗಿಂತ ಎರಡು ವರ್ಷ ಮೊದಲೇ ಆ ಮನೆಗೆ ಬಂದದ್ದು. ಆಗ ಬಣ್ಣ ಬಿಳಿ ಇತ್ತಂತೆ. ಈಗ ಜೋಳದ ಹಿಟ್ಟಿನ ಬಣ್ಣ.

ಎರಡನೇ ಗೇರು ಕೆಟ್ಟಾಗ ಅವನು ಹೇಳಿದ್ದ, ಹೇಳಿರಲಿಲ್ಲ ಅಂತಲ್ಲ. "ಸ್ವಲ್ಪ ತ್ರಾಸ ಕೊಡ್ತೈತ್ರಿ" ಅಂದಿದ್ದ. ಆ ವರ್ಷ ಹಿತ್ತಲಿಗೆ ತಗಡು ಹಾಕಿಸುವುದಿತ್ತು. "ಓಡ್ತೈತಿಲ್ಲ?" ಅಂತ ವಿರೂಪಾಕ್ಷಮ್ಮ ಕೇಳಿದಳು. "ಓಡೇನು ಓಡ್ತೈತಿ" ಅಂದ. ಅಲ್ಲಿಗೆ ಮಾತು ಮುಗಿಯಿತು. ತಗಡು ಬಂತು, ಗೇರು ಹಾಗೇ ಉಳಿಯಿತು. ಆಮೇಲೆ ಈಶಪ್ಪನೇ ಅದರ ಮಾತೆತ್ತುವುದನ್ನು ಬಿಟ್ಟ. ಯಾಕೆಂದರೆ ಅಷ್ಟರಲ್ಲಿ ಒಂದು ಸಂಗತಿ ಅವನ ಲಕ್ಷ್ಯಕ್ಕೆ ಬಂದಿತ್ತು: ಆ ವ್ಯಾನನ್ನು ಅವನೊಬ್ಬನ ಹೊರತು ಇನ್ಯಾರಿಂದಲೂ ಓಡಿಸಲಿಕ್ಕೆ ಆಗುತ್ತಿರಲಿಲ್ಲ. ವಿರೂಪಾಕ್ಷಮ್ಮನ ಮಗ ಪ್ರಭುರಾಜ ಒಮ್ಮೆ ಪೌರುಷದಿಂದ ಹತ್ತಿ ಕೂತು, ಮುಂದೆ ಹೋಗಬೇಕಾದವನು ಹಿಂದೆ ಹೋಗಿ ಪಂಚಾಯ್ತಿ ಗೋಡೆಗೆ ಗುದ್ದಿದ. ಅವನ ಹೆಂಡತಿ ಅಮೃತಾ ಹೋದ ದೀಪಾವಳಿಗೆ ಲೈಸೆನ್ಸು ಮಾಡಿಸಿಕೊಂಡು ಬಂದವಳು, ಮೂರು ಸಲ ಪ್ರಯತ್ನ ಮಾಡಿದಳು. ಮೂರೂ ಸಲ ಊರ ಅಗಸಿ ಬಾಗಿಲು ದಾಟಲಿಲ್ಲ.

"ಕಾಕಾ, ನಂಗ ಯಾಕ ಬರವಲ್ದು?" ಅಂತ ಕೇಳಿದ್ದಳು.

"ಈ ಗಾಡಿಗೆ ಕೈ ಗೊತ್ತಿರಬೇಕವ್ವ," ಅಂದಿದ್ದ ಈಶಪ್ಪ. ಸುಳ್ಳಲ್ಲ. ಆದರೆ ಆ ಮಾತು ಹೇಳುವಾಗ ಒಳಗೊಳಗೆ ಬೆಲ್ಲ ತಿಂದಂತೆ ಆಗಿದ್ದೂ ಸುಳ್ಳಲ್ಲ. ಐವತ್ತೆರಡರ ವಯಸ್ಸು, ಕಣ್ಣಿಗೆ ದಪ್ಪ ಚಷ್ಮಾ. ಈ ಸೀಟು ಬಿಟ್ಟರೆ ಬೇರೆ ಯಾವ ಧಣಿ ಕರೆದು ಕೂಡಿಸಬೇಕು? ಗೇರು ಕೆಟ್ಟಿರುವ ತನಕ ಅವನನ್ನು ಯಾರೂ ಏಳು ಅನ್ನುವಂತಿರಲಿಲ್ಲ.

ಎಲ್ಲ ಕೆಟ್ಟದ್ದು ಜ್ವರದಿಂದ. ಕಳೆದ ತಿಂಗಳು ಕೈಕಾಲು ಹಿಡಿಯುವ ಜ್ವರ ಬಂದು ಈಶಪ್ಪ ಆರು ದಿನ ಹಾಸಿಗೆ ಬಿಟ್ಟು ಏಳಲಿಲ್ಲ. ಅದೇ ವಾರ ಕುಷ್ಟಗಿಯ ಮದುವೆಯೊಂದಕ್ಕೆ ಎರಡು ಸಾವಿರ ರೊಟ್ಟಿ ಹೋಗಬೇಕಿತ್ತು. ವಿರೂಪಾಕ್ಷಮ್ಮ ಯಾರದೋ ಗೂಡ್ಸ್ ಆಟೋ ಹಿಡಿದಳು. ಆ ಪುಣ್ಯಾತ್ಮ ಜಾಗ ಉಳಿಯಲಿ ಅಂತ ಪೆಟ್ಟಿಗೆಗಳನ್ನು ಅಡ್ಡ ಮಲಗಿಸಿ ಹೇರಿದ. ಕಟಕಟಿ ರೊಟ್ಟಿ ನಿಂತರೆ ನೂರು ಮೈಲು ಹೋಗುತ್ತದೆ, ಮಲಗಿದರೆ ಊರ ಹಳ್ಳ ದಾಟುವುದಿಲ್ಲ. ಕುಷ್ಟಗಿಯಲ್ಲಿ ಪೆಟ್ಟಿಗೆ ಬಿಚ್ಚಿದಾಗ ಅರ್ಧ ರೊಟ್ಟಿ, ಅರ್ಧ ನುಚ್ಚು. ಬೀಗರು ಅದನ್ನೇ ಮಜ್ಜಿಗೆಗೆ ಕಲಸಿಕೊಂಡು ತಿಂದರು, ಒಂದು ವಾರ ಅದನ್ನೇ ಆಡಿಕೊಂಡರು.

ಈಶಪ್ಪನನ್ನು ನೋಡಲಿಕ್ಕೆ ವಿರೂಪಾಕ್ಷಮ್ಮ ಮೋಸಂಬಿ ತಗೊಂಡು ಬಂದಳು. ಹೊಸಲಲ್ಲಿ ನಿಂತು, ಆರಾಮ ಆದೇನು ಅಂತ ಕೇಳಿದಳು, ಹಣ್ಣು ಕೊಟ್ಟಳು. ಹೋಗುವಾಗ ಹೊಳ್ಳಿ ನಿಂತು, "ಎದ್ದ ಕೂಡ್ಲೆ ಗಾಡಿ ಶಫೀಸಾಬನ ಕಡೆ ಒಯ್ಯಿ. ಖರ್ಚಿಂದು ಚಿಂತಿ ಬ್ಯಾಡ. ಯಾರು ಕುಂತ್ರೂ ಓಡೂವಂಗ ಮಾಡಿಸ್ಕೊಂಡು ಬಾ," ಅಂದಳು.

'ಯಾರು ಕುಂತ್ರೂ' ಅನ್ನುವ ಮಾತನ್ನು ಈಶಪ್ಪ ಮೋಸಂಬಿ ಸುಲಿಯುತ್ತ ಬಹಳ ಹೊತ್ತು ನೆನೆದ.

ಶಫೀಸಾಬ ಗಾಡಿಯನ್ನು ಜಾಕಿನ ಮೇಲೆ ಎತ್ತಿ, ಕೆಳಗೆ ಗೋಣಿತಟ್ಟು ಹಾಸಿಕೊಂಡು ಮಲಗಿ, ಗೇರ್‌ಬಾಕ್ಸಿನ ಎಣ್ಣೆ ಬಸಿದ. ತಗಡಿನ ಬುಟ್ಟಿಗೆ ಬಿದ್ದದ್ದು ಕಪ್ಪೆಣ್ಣೆ. ಅದರೊಳಗೆ ಬಿಸಿಲು ಬಿದ್ದಲ್ಲೆಲ್ಲ ಹಳದಿ ಹೊಳಪು.

"ಬಾ, ಬಂಗಾರ ನೋಡು ಬಾ," ಅಂತ ಈಶಪ್ಪನನ್ನು ಕರೆದ. "ಇದು ಎರಡನೇ ಗೇರಿನ ಹಿತ್ತಾಳಿ ಉಂಗುರ. ತೇದು ತೇದು ಪುಡಿ ಆಗೇತಿ. ಹಲ್ಲೂ ಹೋಗ್ಯಾವು. ಈ ಮಾಡೆಲ್ಲಿನ ಸಾಮಾನು ಈಗ ಬರಂಗಿಲ್ಲ. ಇಡೀ ಪೆಟ್ಟಿಗಿನ ಬದ್ಲಿ ಮಾಡಬೇಕು. ನಾಳಿ ಗಂಗಾವತಿ ಗುಜರಿಗೆ ಹೋಗೂನು. ನೀನೂ ಬಾ."

"ನಾ ಯಾಕ್ರಿ? ನಿಮಗ ಗೊತ್ತಾಗತೈತಿಲ್ಲ?"

"ಗೇರ್‌ಬಾಕ್ಸು ನಾ ಆರಸಂಗಿಲ್ಲ. ಯಾವಾವ ಓಡಸ್ತಾನ ಅವನಾ ಆರಸಬೇಕು. ನಾಳಿ ಕೈಗೆ ಕೂಡ್ಲಿಲ್ಲ ಅಂದ್ರ ನನ್ನ ಬೈಯಾಂಗಿಲ್ಲ."

ಮರುದಿನ ಬಸ್ಸಿಗೆ ಹೋದರು. ಹೇಮಗುಡ್ಡ ಕಾಣುವ ಹೊತ್ತಿಗೆ ನೆಲದ ಬಣ್ಣ ಬದಲಾಗಿ, ಕಾಲುವೆ ನೀರಿನ ಭತ್ತದ ಗದ್ದೆಗಳು ಶುರುವಾದವು. ಶಫೀಸಾಬ ದಾರಿಯುದ್ದಕ್ಕೂ ತನ್ನ ಮಗಳು ಮುಬಾಶಿರಾಳ ಮದುವೆಗೆ ಬಂದ ಎಂಟು ಮಿಕ್ಸರುಗಳ ಕಥೆ ಹೇಳಿದ. ಈಶಪ್ಪ ಹೂಂ ಅಂದ. ಅವನ ತಲೆಯಲ್ಲಿ ಮಿಕ್ಸರು ಇರಲಿಲ್ಲ.

ಗುಜರಿಯ ಯೂಸುಫ ಸಣ್ಣ ಆಳು, ದೊಡ್ಡ ದನಿ. ಬಾಗಿಲಲ್ಲಿ ತೆಲುಗರ ಕ್ಯಾಂಪಿನ ರೈತನೊಬ್ಬನ ಜೊತೆ ಟ್ರ್ಯಾಕ್ಟರ್ ರಿಮ್ಮಿನ ಸಲುವಾಗಿ ತೆಲುಗಿನಲ್ಲಿ ಜಗಳಾಡುತ್ತಿದ್ದವನು ಇವರನ್ನು ಕಂಡು ಕನ್ನಡಕ್ಕೆ ಬಂದ. "ಬರ್ರಿ ಉಸ್ತಾದ, ನಿಮ್ಮ ಸಲುವಾಗಿ ಮೂರು ಇಟ್ಟೀನಿ. ಮೂರೂ ಮುತ್ತು. ನಡುವಿಂದು ನೋಡ್ರಿ, ನಾನಾ ಬಣ್ಣ ಹೊಡಸೀನಿ."

"ಬಣ್ಣ ನಿನ್ನ ಗ್ವಾಡಿಗೆ ಹೊಡಸಪಾ, ಒಳಗಿಂದು ಹೇಳು."

"ಒಳಗಿಂದು ದೇವರಿಗೆ ಗೊತ್ತು."

"ನೋಡಿದ್ಯಾ ಈಶಪ್ಪ, ಖರೆ ಮಾತು ಹೇಳಿಬಿಟ್ಟ!" ಅಂತ ಶಫೀಸಾಬ ನಕ್ಕು, "ನೀ ನೋಡು. ನಾ ಇವನ ಜೋಡಿ ಚಾ ಕುಡದು ಬರ್ತೀನಿ," ಅಂತ ಯೂಸುಫನ ಹೆಗಲ ಮೇಲೆ ಕೈಹಾಕಿಕೊಂಡು ಹೊರಟೇಹೋದ. ತಿರುಗಿ ಸಹ ನೋಡಲಿಲ್ಲ.

ಈಶಪ್ಪ ಮೂರೂ ಪೆಟ್ಟಿಗೆಗಳ ಮುಂದೆ ಕುಕ್ಕರಗಾಲಲ್ಲಿ ಕೂತ. ಬಲಗೈಯಿಂದ ಮುಂದಿನ ಶಾಫ್ಟು ತಿರುಗಿಸುತ್ತ, ಎಡಗೈಯಿಂದ ಒಂದೊಂದೇ ಗೇರು ಹಾಕಿ ನೋಡಬೇಕು. ಮೊದಲನೆಯದು ನಾಲ್ಕನೇ ಗೇರಿಗೆ ಬಿಗಿಯಿತು. ಅದನ್ನು ಬದಿಗೆ ಸರಿಸಿದ. ಬಣ್ಣ ಹೊಡೆಸಿದ್ದಕ್ಕೆ ಕೈ ಹಾಕಿದ. ಒಂದು ಬಂತು, ಮೂರು ಬಂತು, ನಾಲ್ಕು, ಐದು, ಎಲ್ಲ ಬಂದವು. ಎರಡಕ್ಕೆ ಹಾಕಿ ತಿರುಗಿಸಿದ. ಮರಳು ಅರೆದಂತೆ ಬೆರಳಿಗೆ ಹತ್ತಿತು. ಇನ್ನಷ್ಟು ತಿರುಗಿಸಿದ. ಟಕ್ ಅಂತ ಹೊರಗೆ ಜಿಗಿಯಿತು. ಅವನ ಗೇರ್‌ಬಾಕ್ಸಿನದೇ ರೋಗ, ಅದೇ ಜಾಗ. ಇದನ್ನು ಒಯ್ದು ಕೂಡಿಸಿದರೆ ಹೊಸದು ಹಾಕಿದ ಹಾಗೂ ಆಯಿತು, ಹಳೆಯದೇ ಉಳಿದ ಹಾಗೂ ಆಯಿತು. ವಿರೂಪಾಕ್ಷಮ್ಮನಿಗೆ ಏನು ತಿಳಿಯುತ್ತದೆ? ಶಫೀಸಾಬ ಗೇರ್‌ಬಾಕ್ಸು ಆರಿಸುವುದಿಲ್ಲ. ಅಮೃತಾ ನಾಲ್ಕನೇ ಸಲ ಹತ್ತಿ, ಅಗಸಿ ತನಕ ಹೋಗಿ, ಇಳಿದು ಕೀಲಿ ಕೊಡುತ್ತಾಳೆ. ಕಾಕಾ, ನಂಗ ಯಾಕ ಬರವಲ್ದು ಅಂತಾಳೆ.

ಮೂರನೆಯದನ್ನೂ ತಿರುಗಿಸಿದ. ಅದರೊಳಗೆ ಎಲ್ಲ ಗೇರುಗಳೂ ಬೆಣ್ಣೆಯಲ್ಲಿ ಚಾಕು ಇಳಿದಂತೆ ಇಳಿದವು. ಮತ್ತೆ ಬಣ್ಣದ್ದರ ಮೇಲೆ ಕೈ ಇಟ್ಟುಕೊಂಡು ಕೂತ.

"ಯಾವುದೋ?" ಶಫೀಸಾಬ ಬಂದ. ಬಾಯಲ್ಲಿ ಇನ್ನೂ ಬಿಸ್ಕೀಟು ಇತ್ತು.

ಈಶಪ್ಪ ಎದ್ದು, ಮೂರನೆಯದನ್ನು ಕಾಲಿನ ಬೆರಳಿಂದ ತೋರಿಸಿದ. "ಅದು."

"ಅದಾ? ತುಕ್ಕು ಹಿಡದೈತಲ್ಲೋ."

"ಮ್ಯಾಲಷ್ಟಾ."

"ಮುಗೀತು." ಶಫೀಸಾಬ ಇನ್ನೊಂದು ಮಾತು ಕೇಳಲಿಲ್ಲ, ಶಾಫ್ಟು ತಿರುಗಿಸಿಯೂ ನೋಡಲಿಲ್ಲ. ಬಹುಶಃ ಅದಕ್ಕೇ ಈಶಪ್ಪ ಅದನ್ನು ತೋರಿಸಿದ್ದು. ಕಾವಲಿಗೆ ನಿಂತಿದ್ದರೆ ಮೋಸ ಮಾಡಬಹುದಿತ್ತೇನೋ. ಬೆನ್ನು ತಿರುಗಿಸಿ ಚಾ ಕುಡಿಯಲಿಕ್ಕೆ ಹೋದವನಿಗೆ ಹೆಂಗೆ ಮಾಡುವುದು? ಆದರೆ ಅವನು ಅಷ್ಟೆಲ್ಲ ಬಿಡಿಸಿ ವಿಚಾರ ಮಾಡಿದ ಅಂತ ಹೇಳಲಿಕ್ಕೆ ಬರುವುದಿಲ್ಲ. ತೋರಿಸಿದ, ಅಷ್ಟೇ.

ಪೆಟ್ಟಿಗೆಯನ್ನು ಗೊಬ್ಬರದ ಚೀಲದಲ್ಲಿ ಕಟ್ಟಿ ಇಬ್ಬರೂ ಹೊತ್ತು ಬಸ್ಸಿಗೆ ಏರಿಸಿದರು. ಕಂಡಕ್ಟರು ಚೀಲಕ್ಕೆ ಬೂಟಿನಿಂದ ಒದ್ದು ನೋಡಿ, ಕಾಲು ಹಿಡಿದುಕೊಂಡ. "ಏನ್ರಿ ಇದು? ಕಲ್ಲೇನು?"

"ಗೇರ್‌ಬಾಕ್ಸ್ರಿ ಸಾಹೇಬ್ರ. ಭಾಳ ಸಣ್ಣದು."

"ಸಣ್ಣದಾದ್ರ ಅರ್ಧ ಟಿಕೀಟು ತಗೋರಿ."

"ಅರ್ಧ ಟಿಕೀಟು ತಗೊಂಡ್ರ ಸೀಟು ಕೊಡ್ತೀರೇನು?" ಅಂದ ಶಫೀಸಾಬ. ಕೊಪ್ಪಳ ಬರುವ ತನಕ ಅವರಿಬ್ಬರ ವಾದ ಮುಗಿಯಲಿಲ್ಲ. ಗೇರ್‌ಬಾಕ್ಸು ಸೀಟಿನ ಮೇಲೇ ಕೂತು ಬಂತು.

ಕೂಡಿಸಲಿಕ್ಕೆ ಎರಡು ದಿನ ಹಿಡಿಯಿತು. ಹಳೆಯದನ್ನು ಇಳಿಸಿದ ಜಾಗಕ್ಕೆ ಇದನ್ನು ಜಾಕಿನ ಮೇಲಿಟ್ಟು ಎತ್ತುವುದು, ಶಾಫ್ಟಿನ ಮೂಗು ಕ್ಲಚ್ಚಿನ ತೂತಿಗೆ ಸರಿಯಾಗಿ ಬೀಳುವ ತನಕ ಒಬ್ಬ ಹಿಂದಿಂದ ಅಲುಗಾಡಿಸುವುದು, ಇನ್ನೊಬ್ಬ ಕೆಳಗಿಂದ "ಮ್ಯಾಲೆ, ಮ್ಯಾಲೆ, ಒಂದು ನೂಲು ಎಡಕ್ಕ" ಅನ್ನುವುದು. ಬೋಲ್ಟು ಬಿಗಿಯುವುದನ್ನೆಲ್ಲ ಈಶಪ್ಪನೇ ಮಾಡಿದ. ಕ್ಲಚ್ ಪ್ಲೇಟನ್ನೂ ಹೊಸದು ಹಾಕಿದರು. ಗೇರಿನ ಕೋಲಿನಿಂದ ಪೆಟ್ಟಿಗೆಗೆ ಹೋಗುವ ಸಲಾಕೆಯನ್ನು ಅಲುಗದಂತೆ ಹಿಡಿಯುವ ಬುಷ್ಷುಗಳು ಪೂರ್ತಿ ಸವೆದಿದ್ದವು. ಶಫೀಸಾಬ ಅವನ್ನೂ ಕಿತ್ತು ಹೊಸವು ಬಡಿದ. ಕೋಲು ಈಗ ಮೊದಲಿನಂತೆ ಜೋಲಾಡದೆ, ನೆಟ್ಟ ಗೂಟದ ಹಾಗೆ ನಿಂತಿತು.

ಗಾಡಿ ಒಯ್ಯಲಿಕ್ಕೆ ವಿರೂಪಾಕ್ಷಮ್ಮ ತಾನೇ ಬಂದಳು. ಕೊಪ್ಪಳದಲ್ಲಿ ಶೇಂಗಾ ಕೊಳ್ಳುವುದಿತ್ತು ಅಂತ ಅಮೃತಾಳನ್ನೂ ಕರೆತಂದಿದ್ದಳು. ಎರಡು ಚೀಲ ಶೇಂಗಾ ಹಿಂದೆ ಏರಿತು. ಅತ್ತೆಸೊಸೆ ಹಿಂದೆ ಕೂತರು. ಶಫೀಸಾಬ ಬಾಗಿಲಿಗೆ ಆತುಕೊಂಡು, "ಅಮ್ಮಾರ, ಮೂರು ಪೆಟ್ಟಿಗ್ಯಾಗ ಇದನ್ನ ನಿಮ್ಮ ಈಶಪ್ಪನಾ ಆರಿಸ್ಯಾನ. ನಾ ಕೈ ಸಹ ಹಚ್ಚಿಲ್ಲ," ಅಂತ ಹೆಮ್ಮೆಯಿಂದಲೇ ಹೇಳಿದ.

ಈಶಪ್ಪ ಹೊಂಡಿಸಿದ. ಒಂದನೇ ಗೇರಿನಲ್ಲಿ ಇಂಜಿನ್ ಚೀರಿತು. ಕ್ಲಚ್ಚು ಎರಡು ಸಲ ತುಳಿದು, ಕೋಲನ್ನು ತೊಡೆ ಕಡೆಗೆ ಜಗ್ಗಿ ಮುಂದಕ್ಕೆ ದೂಡಿದ. ವ್ಯಾನು ಗಡಗಡ ನಡುಗಿ, ಕೆಮ್ಮಿ, ಸತ್ತಿತು.

ಮತ್ತೆ ಚಾಲೂ ಮಾಡಿದ. ಮತ್ತೆ ಒಂದು, ಮತ್ತೆ ಜಗ್ಗಿ ದೂಡಿದ, ಮತ್ತೆ ಸತ್ತಿತು. ಮೂರನೇ ಸಲ ಹೇಗೋ ವೇಗ ಹಿಡಿದು, ನಾಲ್ಕಕ್ಕೆ ಅಂತ ಹಿಂದಕ್ಕೆ ಎಳೆದರೆ ಕರ್‌ರ್ ಅಂತ ಕಬ್ಬಿಣ ಕಬ್ಬಿಣ ಕಚ್ಚಿದ ಸದ್ದು. ಎದುರಿನ ಪಂಕ್ಚರ್ ಅಂಗಡಿಯವನು ಹೊರಗೆ ಬಂದು ನೋಡಿದ. ಈಶಪ್ಪ ಐವತ್ತು ಹೆಜ್ಜೆಯಲ್ಲೇ ಗಾಡಿ ನಿಲ್ಲಿಸಿ, ಸ್ಟೇರಿಂಗು ಹಿಡಿದುಕೊಂಡು ಕೂತ. ಬೆವರು ಚಷ್ಮಾದೊಳಗೆ ಇಳಿಯಿತು.

ವಿರೂಪಾಕ್ಷಮ್ಮ ಕೆಳಗಿಳಿದಳು. ಅವಳು ಸಿಟ್ಟಾದರೆ ದನಿ ಏರುವುದಿಲ್ಲ, ಇಳಿಯುತ್ತದೆ. "ಯಾವಾವ ಆರಿಸಿದಾ ಅಂದ್ಯೋ ಶಫೀಸಾಬ?"

"ಈಶಪ್ಪರೀ..."

"ಹೂಂ." ಅವಳು ಡ್ರೈವರನ ಕಿಟಕಿಯ ಹತ್ತಿರ ಬಂದಳು. "ಈಶಪ್ಪ, ಮೂರು ಪೆಟ್ಟಿಗ್ಯಾಗ ಕೆಟ್ಟಿದ್ದಾ ಬೇಕಾತೇನೋ ನಿನಗ? ನೀ ಒಬ್ಬವನಾ ಓಡಸಬೇಕು, ಮತ್ಯಾರೂ ಮುಟ್ಟಬಾರ್ದು, ಅದಕ್ಕಲಾ? ಏಳು ವರ್ಷ ಸುಮ್ನ ಕುಂತೀ. ನಾ ಏನ್ ಕುರಿ ಅಂತ ತಿಳದೀಯಾ?"

ಈಶಪ್ಪ ಬಾಯಿ ತೆರೆದ. ಅಂಥ ವಿಚಾರ ನನ್ನ ತಲೆಗೆ ಬಂದೇ ಇರಲಿಲ್ಲ ಅನ್ನಬೇಕಿತ್ತು. ಬಂದಿತ್ತಲ್ಲ. ಶಫೀಸಾಬನ ಕಡೆ ನೋಡಿದ. ಶಫೀಸಾಬನೂ ಅವನ ಕಡೆ ನೋಡುತ್ತಿದ್ದ, ಎಂದೂ ನೋಡದ ಹಾಗೆ. ಆ ನೋಟ ವಿರೂಪಾಕ್ಷಮ್ಮನ ಮಾತಿಗಿಂತ ಹೆಚ್ಚು ತಾಗಿತು.

"ಸರಿ," ಅಂತ ಶಫೀಸಾಬ ಎಡಗಡೆಯಿಂದ ಹತ್ತಿ ಕೂತು, ಅಂಗೈಯನ್ನು ಅವನ ಕೈ ಮೇಲೆ ಇಟ್ಟ. "ಹಾಕು. ಓಡಸಬ್ಯಾಡ, ನಿಂತಲ್ಲೇ ಕ್ಲಚ್ ಒತ್ತಿ ಹಾಕು. ಒಂದು. ಹೂಂ. ಈಗ ಮೂರು."

ಈಶಪ್ಪನ ಕೈ ಜಗ್ಗಿತು, ದೂಡಿತು.

"ಇದು ಮೂರಾ?"

"ಹೌದ್ರಿ."

"ಇದು ಐದೋ!" ಶಫೀಸಾಬ ಅವನ ಕೈಯನ್ನು ಕೋಲಿನ ಸಮೇತ ಎತ್ತಿ ನಡುವೆ ತಂದು, ಸಣ್ಣಗೆ ಮುಂದಕ್ಕೆ ಒತ್ತಿದ. "ಮೂರು ಇಲ್ಲೈತಿ. ಹಳೇ ಬುಷ್ಷು ಸವದು ಮೂರನೇದು ನಿನ್ನ ತೊಡಿ ಮ್ಯಾಲೆ ಬಂದು ಕುಂತಿತ್ತು. ನೀ ಇನ್ನೂ ಅಲ್ಲೇ ಹುಡುಕ್ಯಾಡಾಕತ್ತೀ. ಒಂದರಿಂದ ಐದಕ್ಕ ಜಿಗದ್ರ ಗಾಡಿ ಸಾಯಲಾರದ ಏನ್ ಮಾಡ್ತೈತಿ? ನಾಲ್ಕು ಅಂತ ಹಿಂದ ಎಳದ್ರ ರಿವರ್ಸಿಗೆ ಬಡೀತೈತಿ. ಅಮ್ಮಾರ, ಪೆಟ್ಟಿಗಿ ಛಲೋ ಐತ್ರಿ. ಇವನ ಕೈ ಹಳೇ ಗಾಡಿ ಓಡಸಾಕತ್ತೈತಿ."

"ಹದಿನಾಲ್ಕು ವರ್ಷ ಓಡಿಸಿದಾವ್ಗ ಮೂರು ಯಾವುದು ಐದು ಯಾವುದು ತಿಳಿಯಂಗಿಲ್ಲೇನು? ಯಾರಿಗೆ ಹೇಳ್ತಿ ಇದನ್ನ?"

"ನಾನಾ ಓಡಿಸಿ ತೋರಸ್ಲೇನ್ರಿ? ಪದ್ಧತಿ ಮುರಿತೀನಿ ಬೇಕಂದ್ರ."

"ನೀ ಮೆಕ್ಯಾನಿಕ್ಕು. ಗೇರಿಲ್ಲದ ಗಾಡಿನೂ ಓಡಸ್ತಿ. ಇವನ ದೋಸ್ತ ಬ್ಯಾರೆ."

ಲಾರಿಯೊಂದು ಧೂಳೆಬ್ಬಿಸಿ ಹೋಯಿತು. ಈಶಪ್ಪ ಬಾಗಿಲು ತೆರೆದು ಇಳಿದ. ಕೀಲಿ ಗಾಡಿಯಲ್ಲೇ ಇತ್ತು. ಅದನ್ನು ಯಾಕೋ ಹಿರಿದು ಕೈಯಲ್ಲಿ ಹಿಡಿದುಕೊಂಡು, ಹಿಂದಿನ ಬಾಗಿಲಿಗೆ ಬಂದ.

"ಅಮೃತವ್ವ, ನೀ ಓಡಸು."

"ನಾನಾ?" ಅಮೃತಾ ಅತ್ತೆಯ ಮುಖ ನೋಡಿದಳು. "ಕಾಕಾ, ನಿಮಗಾ ಬರವಲ್ದು, ನಂಗೆಲ್ಲಿ..."

"ಬರ್ತೈತಿ. ಡ್ರೈವಿಂಗ್ ಸಾಲ್ಯಾಗ ಕಲಿಸಿದಂಗ ಹಾಕು. ಒಂದು, ಎರಡು, ಮೂರು. ನಾ ಮಾಡಿದಂಗ ಏನೂ ಮಾಡಬ್ಯಾಡ."

ಅವಳು ಸೆರಗು ಸಿಕ್ಕಿಸಿಕೊಂಡು ಹತ್ತಿದಳು, ಸೀಟು ಮುಂದೆ ಜರುಗಿಸಿಕೊಂಡಳು. ವಿರೂಪಾಕ್ಷಮ್ಮ ಹಿಂದೆ ಹತ್ತಲಿಲ್ಲ, ಶಫೀಸಾಬ ಇಳಿದ ಕೂಡಲೆ ಮುಂದೆ ಎಡಗಡೆ ಹತ್ತಿ ಕೂತಳು, ಕಣ್ಣಾರೆ ನೋಡುವವಳಂತೆ. ಗಾಡಿ ಹೊರಟಿತು. ಒಂದು. ಆಮೇಲೆ ಒಂದು ಸಣ್ಣ ನಿಲುವು, ಕೋಲು ಹಿಂದೆ ಸರಿಯಿತು, ಎರಡು. ಈಶಪ್ಪ ರಸ್ತೆಯಲ್ಲಿ ನಿಂತು ಕಿವಿಗೊಟ್ಟ. ಮೂರು. ವ್ಯಾನು ತಿರುವಿನಲ್ಲಿ ಮರೆಯಾಯಿತು.

"ನೀ ಬಣ್ಣದ್ದರ ಮ್ಯಾಲೆ ಕೈ ಇಟ್ಕೊಂಡು ಕುಂತಿದ್ದಿಯಲ್ಲ, ನಾ ಬಂದಾಗ," ಅಂದ ಶಫೀಸಾಬ, ಅವನ ಕಡೆ ನೋಡದೆ.

"ಹೌದು."

"ಅದರ ಎರಡನೇದು ಹೋಗಿತ್ತಾ?"

"ಹೋಗಿತ್ತು."

ಶಫೀಸಾಬ ಜೇಬಿನಿಂದ ಅಡಿಕೆ ತೆಗೆದು ಅರ್ಧ ಅವನಿಗೆ ಕೊಟ್ಟ. ಇಬ್ಬರೂ ಅಗಿಯುತ್ತ ನಿಂತರು. ಐದು ನಿಮಿಷಕ್ಕೆ ತಿರುವಿನ ಆಚೆಯಿಂದ ಗಾಡಿಯೊಂದು ಬರುವ ಸದ್ದಾಯಿತು, ಮೆತ್ತಗೆ, ಒಂದು ಗೇರಿನಿಂದ ಇನ್ನೊಂದಕ್ಕೆ ಇಳಿಯುತ್ತ. ಯಾರದೋ ಬೇರೆ ಗಾಡಿ ಅಂತ ಈಶಪ್ಪ ರಸ್ತೆ ಬಿಟ್ಟು ಸರಿದು ನಿಂತ. ಕಣ್ಣೆದುರು ಬಂದು ನಿಂತ ಮೇಲೇ ಗುರುತು ಹತ್ತಿದ್ದು.

ಅಮೃತಾಳ ಮುಖ ಕೆಂಪಗಾಗಿತ್ತು. "ಏನೂ ತ್ರಾಸಿಲ್ಲತ್ತಿ! ಬೆಣ್ಣಿ ಇದ್ದಂಗೈತಿ!" ಅಂತ ಅತ್ತೆಗೂ ಹೇಳಿದಳು, ಪಂಕ್ಚರ್ ಅಂಗಡಿಯವನಿಗೂ ಹೇಳಿದಳು.

ವಿರೂಪಾಕ್ಷಮ್ಮ ನಿಧಾನವಾಗಿ ಇಳಿದಳು. ತಪ್ಪಾಯಿತು ಅನ್ನುವ ಮಾತು ಅವಳ ಬಾಯಿಂದ ಗಂಡನಿಗೂ ಬಂದಿರಲಿಲ್ಲವಂತೆ. ಸೀರೆಯ ನಿರಿಗೆ ಸರಿಮಾಡಿಕೊಂಡು, "ಛಲೋನಾ ಆರಿಸೀದಿ," ಅಂದಳು.

"ಹೌದ್ರಿ," ಅಂದ ಈಶಪ್ಪ.

"ನಿನ್ನ ಕೈ ಯಾವಾಗ ದಾರಿಗೆ ಬರ್ತೈತಿ?"

"ಏಳು ವರ್ಷದ ಚಟ ಐತ್ರಿ," ಅಂತ ಶಫೀಸಾಬ ನಡುವೆ ಬಾಯಿ ಹಾಕಿದ, "ತಿಂಗಳಾದ್ರೂ ಬೇಕು."

"ಅಲ್ಲೀತನ ಅಕಿ ಓಡಸ್ಲಿ. ನೀ ಮಗ್ಗಲದಾಗ ಕೂಡು. ಅಂಗಡಿಯವ್ರ ಗುರುತು ನಿನಗೈತಿ, ರೊಟ್ಟಿ ಪೆಟ್ಟಿಗಿ ಹೆಂಗ ನಿಲ್ಲಸೂದು ನಿನಗ ಗೊತ್ತೈತಿ."

"ಕೈ ಬಂದ ಮ್ಯಾಲೆ?"

ವಿರೂಪಾಕ್ಷಮ್ಮ ಶೇಂಗಾದ ಚೀಲಗಳ ಕಡೆ ನೋಡಿದಳು, ಅವುಗಳನ್ನೇ ಕೇಳುವವಳಂತೆ. "ಬಂದ ಮ್ಯಾಲೆ ಗಂಗಾವತಿ ಕಡೆ ನೀ, ಕುಷ್ಟಗಿ ಕಡೆ ಅಕಿ. ಒಬ್ಬನ ಕೈಯಾಗ ಗಾಡಿ ಇರೂದು ಇನ್ನ ಸಾಕು. ನಿನಗ ಜ್ವರ ಬಂತಂದ್ರ ನಂಗ ನಿನ್ನ ಚಿಂತಿನಾ ಮಾಡಾಕ ಆಗವಲ್ದು, ಬರೇ ರೊಟ್ಟಿ ಚಿಂತಿ."

ಅರ್ಧ ಸೀಟು ಹೋಯಿತು, ಅರ್ಧ ಉಳಿಯಿತು. ಈಶಪ್ಪ ಗೋಣು ಹಾಕಿದ. ಊರಿಗೆ ಹೋಗುವಾಗ ಹಿಂದೆ, ಚೀಲದ ಮೇಲೆ ಕೂತ. ಆ ಗಾಡಿಯಲ್ಲಿ ಅವನು ಹಿಂದೆ ಕೂತದ್ದು ಅದೇ ಮೊದಲು. ಹಿಂದಿನ ಕಿಟಕಿ ಅರ್ಧಕ್ಕಿಂತ ಕೆಳಗೆ ಇಳಿಯುವುದಿಲ್ಲ ಅನ್ನುವುದು ಅವನಿಗೆ ಅವತ್ತು ಗೊತ್ತಾಯಿತು.

ಮರುದಿನ ಬೆಳಿಗ್ಗೆ ನಲವತ್ತು ಪೆಟ್ಟಿಗೆಗಳನ್ನು ಅವನೇ ನಿಲ್ಲಿಸಿ ಹೇರಿದ, ಸಂದುಗಳಿಗೆ ಗೋಣಿತಟ್ಟು ತುರುಕಿದ, ಎಡಗಡೆಯಿಂದ ಹತ್ತಿ ಕೂತ. ಯಲಬುರ್ಗಾ ದಾಟುವ ತನಕ ಅಮೃತಾಳ ಎರಡೂ ಕೈ ಸ್ಟೇರಿಂಗಿನ ಮೇಲೆ, ಎರಡೂ ಕಣ್ಣು ರಸ್ತೆಯ ಮೇಲೇ ಇದ್ದವು. ಒಮ್ಮೆ ಎಮ್ಮೆಗಳು ಅಡ್ಡ ಬಂದವು. "ಎರಡಕ್ಕ ಇಳಸಲೇನ್ರಿ ಕಾಕಾ?" ಅಂತ ಕೇಳಿದಳು. ಎಮ್ಮೆ ಅಡ್ಡ ಬಂದರೆ ಅವನು ಯಾವತ್ತೂ ಪೂರ್ತಿ ನಿಲ್ಲಿಸಿ ಒಂದರಿಂದ ಶುರುಮಾಡುತ್ತಿದ್ದ. "ಇಳಸು" ಅಂದ. ಅವಳು ಇಳಿಸಿದಳು. ಎಮ್ಮೆಗಳು ಸರಿದವು, ಗಾಡಿ ನಿಲ್ಲದೆ ಮುಂದೆ ಹೋಯಿತು. ಪೆಟ್ಟಿಗೆಗಳು ಸದ್ದು ಮಾಡಲಿಲ್ಲ.

ಕುಷ್ಟಗಿಯ ಬಸ್‌ಸ್ಟ್ಯಾಂಡಿನ ಮುಂದೆ ನಿಲ್ಲಿಸಿ, ಅವಳು ಬ್ರೇಕು ಎಳೆದು ಉಸಿರು ಬಿಟ್ಟಳು.

"ಬರುವಾಗ ಯಲಬುರ್ಗಾತನ ನೀವು ಓಡಸ್ರಿ ಕಾಕಾ. ಖಾಲಿ ಗಾಡಿ ಇರ್ತೈತಿ, ಸತ್ರೂ ಯಾರೂ ಕೇಳಂಗಿಲ್ಲ."

"ಹತ್ತು ಸಲ ಸಾಯ್ತೈತಿ."

"ಸಾಯ್ಲಿ. ನಂದು ಮೂರು ಸಲ ಅಗಸ್ಯಾಗ ಸತ್ತಾಗ ನೀವೇನು ಬೈದ್ರೇನು?"

"ಬೈಲಿಲ್ಲ," ಅಂದ ಈಶಪ್ಪ. ಚಷ್ಮಾ ಒರೆಸುತ್ತ, "ನಗಾಕತ್ತಿದ್ದೆ," ಅಂದ.

"ಗೊತ್ತೈತಿ," ಅಂದಳು ಅಮೃತಾ.

ಅಷ್ಟರಲ್ಲಿ, ಈಶಪ್ಪ ಬಂದಾಗಲೆಲ್ಲ ಸೀಟಿಗೇ ಚಹಾ ತಂದುಕೊಡುವ ಚಹಾದಂಗಡಿಯ ರೇಣುಕಾದೇವಿ ಒಂದು ಗಾಜಿನ ಲೋಟ ಹಿಡಿದುಕೊಂಡು ವ್ಯಾನಿನ ಬಲಗಡೆ ಕಿಟಕಿಗೆ ಬಂದಳು. ಲೋಟ ಒಳಗೆ ಚಾಚಿದವಳು ಅಮೃತಾಳನ್ನು ಕಂಡು ಕೈ ಹಿಂದೆಗೆದಳು. ಬಾಗಿ ನೋಡಿ, ಆಚೆ ಕೂತಿದ್ದ ಈಶಪ್ಪನನ್ನೂ ಕಂಡಳು. ಕೈಯಲ್ಲಿದ್ದ ಚಹಾ ಅಮೃತಾಳಿಗೆ ಕೊಟ್ಟು, ಇನ್ನೊಂದು ತರಲಿಕ್ಕೆ ಅಂಗಡಿ ಕಡೆ ಹೊರಳಿದಳು.